ಬಲಗಡೆಯ ಖಾಲಿ ಚೌಕಟ್ಟು

ಆ ಮನೆಯ ದೊಡ್ಡ ಸೊಸೆಗೆ ಅತ್ತೆ ಇಟ್ಟ ಹೆಸರು ಪೊಲೀಸಮ್ಮ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ಅವಳು ಹಾಲನ್ನು ನೋಡುತ್ತಿರಲಿಲ್ಲ, ಅವನ ಕೈಯನ್ನು ನೋಡುತ್ತಿದ್ದಳು. ಇಸ್ತ್ರಿಗೆ ಕೊಟ್ಟ ಬಟ್ಟೆ ಮನೆಗೆ ಬಂದರೆ ಒಂದೊಂದನ್ನೂ ಬಿಚ್ಚಿ, ಗುಂಡಿ ಎಳೆದು ನೋಡಿ, ಮತ್ತೆ ಮಡಿಸಿಡುತ್ತಿದ್ದಳು; ಇಸ್ತ್ರಿ ಮಾಡಿಸಿದ್ದು ಅಲ್ಲಿಗೆ ದಂಡ. ಗಂಡ ಬೇಗ ಬಂದರೆ 'ಯಾಕೆ?' ಎನ್ನುತ್ತಿದ್ದಳು, ತಡವಾಗಿ ಬಂದರೂ 'ಯಾಕೆ?' ಎನ್ನುತ್ತಿದ್ದಳು. ಆತ ಎರಡಕ್ಕೂ ಒಂದೇ ಉತ್ತರ ಕೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ: "ಹಾಗೇ ಸುಮ್ನೆ."

ಕೆಟ್ಟವಳಲ್ಲ. ಮದುವೆಗೆ ಮುಂಚೆಯೂ ಆಮೇಲೆಯೂ ಬಹಳ ಕಾಲ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದಳು. ಎದುರಿಗೆ ಬಂದ ಪ್ರತಿ ಅಕ್ಷರವೂ ತಪ್ಪೇ ಇರಬೇಕು ಎಂದುಕೊಂಡು ಓದುವುದು ಆ ಕೆಲಸದ ಧರ್ಮ. ಪ್ರೆಸ್ಸು ಮುಚ್ಚಿತು, ಕಣ್ಣಿನ ಚಾಳಿ ಉಳಿಯಿತು. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಊರಿನ ಅಂಗಡಿಗಳಿಗೆ, ಶಾಲೆಗಳಿಗೆ ವೆಬ್ ಪುಟ ಮಾಡಿಕೊಡುವ ಕೆಲಸಕ್ಕೆ ಇಳಿದಾಗ ಅದೇ ಚಾಳಿ ಅವಳ ಹೆಸರು ಕಾಪಾಡಿತು. ಅವಳ ಪುಟದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದನ್ನು ಯಾರೂ ತೋರಿಸಿರಲಿಲ್ಲ.

ಜೊತೆಗಿದ್ದವಳು ಓರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲಿ ಎಲ್ಲರಿಗೂ ಅವಳು ಚಿಕ್ಕವಳು. ಗಿರಾಕಿಗಳ ಹತ್ತಿರ ಓಡಾಡುವುದು, ಫೋಟೋ ತೆಗೆಯುವುದು, ಅವರ ಅಂಗಡಿಯ ಕಂಪ್ಯೂಟರ್ ಜೋಡಿಸಿಕೊಡುವುದು ಅವಳ ಪಾಲು. ಬಾಯಿ ತುಂಬ ಮಾತು, ಮಾತು ತುಂಬ ನಗು. ಇಷ್ಟು ನಗುವವರನ್ನು ನಂಬುವುದು ಹೇಗೆ ಎಂಬುದು ದೊಡ್ಡವಳ ಮೊದಲ ದಿನದ ಪ್ರಶ್ನೆ. ವರ್ಷಗಳಾದರೂ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಹಿಡಿದಿಟ್ಟಿದ್ದು ಚೌಕಟ್ಟುಗಳು. ಆಗ ವೆಬ್ ಪುಟಗಳನ್ನು ಹಾಗೆ ಕಟ್ಟುವ ಕಾಲ. ಪುಟ ಬರೆಯುವ ಪ್ರೋಗ್ರಾಮಿನಲ್ಲಿ ಗೆರೆ ಎಳೆದು ಪರದೆಯನ್ನು ಮೂರು ಪಾಲು ಮಾಡಬೇಕು. ಮೇಲಿನ ಪಟ್ಟಿಯಲ್ಲಿ ಅಂಗಡಿಯ ಹೆಸರು, ಎಡಗಡೆ ಸಪೂರ ಕಂಬದಂಥ ಜಾಗದಲ್ಲಿ ಒತ್ತುವ ಗುಂಡಿಗಳು, ಬಲಗಡೆಯ ದೊಡ್ಡ ಜಾಗದಲ್ಲಿ ನೋಡುವವರು ಏನು ಒತ್ತಿದರೋ ಆ ಪುಟ. ನೋಡುವವರಿಗೆ ಒಂದೇ ಪುಟದಂತೆ ಕಂಡರೂ ಮೂರೂ ಬೇರೆ ಬೇರೆ ಫೈಲುಗಳು. ನಾಲ್ಕನೆಯದೊಂದು ಇರುತ್ತದೆ, ಅದರಲ್ಲಿ ಸ್ವಂತದ್ದು ಏನೂ ಇಲ್ಲ, ಯಾವ ಚೌಕಟ್ಟಿನಲ್ಲಿ ಯಾವ ಫೈಲು, ಅದು ಎಲ್ಲಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಮೇಲಿನದು, ಎಡಗಡೆಯದು ಚಿಕ್ಕವಳಿಗೆ. ಬಲಗಡೆಯದು ಮತ್ತು ಆ ನಾಲ್ಕನೆಯದು ದೊಡ್ಡವಳಿಗೆ. ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟುವ ಪ್ರಮೇಯವೇ ಇಲ್ಲ. ಪರಸ್ಪರ ನಂಬದ ಇಬ್ಬರು ಹೆಂಗಸರು ಸೇರಿ ಒಂದು ಪುಟ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿರಲಿಲ್ಲ.

ಕೋಣೆಯಲ್ಲಿ ಎರಡು ಮೇಜು, ನಡುವೆ ಒಂದು ಪ್ಲೈವುಡ್ ಹಲಗೆ. ಎರಡೂ ಯಂತ್ರಗಳಿಗೆ ಸೇರಿದ ಒಂದು ಹಂಚಿಕೆಯ ಫೋಲ್ಡರಿತ್ತು. ಕೆಲಸದ ಫೈಲುಗಳೆಲ್ಲ ಅಲ್ಲಿರಬೇಕೆಂಬುದು ಒಪ್ಪಂದ.

ಕನ್ನಡಕದಂಗಡಿಯವನ ಕೆಲಸ ಬಂದದ್ದು ಆಗ. ಆತ ಎರಡನೆಯ ಅಂಗಡಿ ತೆರೆಯುವವನಿದ್ದ. ಬೋರ್ಡಿನ ಮೇಲೆ, ಕನ್ನಡಕದ ಡಬ್ಬಿಯ ಮೇಲೆ, ಒರೆಸುವ ಬಟ್ಟೆಯ ಮೇಲೆ ಕೂಡ ವೆಬ್ ವಿಳಾಸ ಅಚ್ಚು ಹಾಕಿಸಿದ್ದ. ಇವರಿಗೆ ಶಾಲೆಯ ಕೆಲಸ, ಪೀಠೋಪಕರಣದವರ ಕೆಲಸ ಸಿಕ್ಕಿದ್ದೂ ಅವನ ಬಾಯಿಮಾತಿನಿಂದಲೇ. ಅವನು ಕೈಬಿಟ್ಟರೆ ಮುಂದಿನ ಕೋಣೆಯ ಕೆಲಸ ಮುಗಿದಂತೆ, ಇದು ಇಬ್ಬರಿಗೂ ಗೊತ್ತಿತ್ತು.

ದೊಡ್ಡವಳು ಬಲಗಡೆಗೆ ಬರುವ ಮೊದಲ ಪುಟವನ್ನು ಮುತುವರ್ಜಿಯಿಂದ ಬರೆದಳು. ಅರ್ಧ ಆದದ್ದನ್ನು ಹಂಚಿಕೆಯ ಫೋಲ್ಡರಿನಲ್ಲಿ ಇಡಲು ಮನಸ್ಸಾಗಲಿಲ್ಲ. ಹಲಗೆಯ ಆಚೆಯಿಂದ ಯಾರಾದರೂ ಇಣುಕಿ, ಅದೇ ಮಾತುಗಳನ್ನು ಗಿರಾಕಿಯ ಮುಂದೆ ತಮ್ಮದೆಂದು ಒಪ್ಪಿಸಿದರೆ? ಅದನ್ನು ತನ್ನ ಯಂತ್ರದಲ್ಲೇ ತನ್ನ ಸ್ವಂತ ಫೋಲ್ಡರಿನಲ್ಲಿ ಇಟ್ಟುಕೊಂಡಳು. ಮುಗಿದ ಮೇಲೆ ಅಲ್ಲಿಂದಲೇ ಆ ಪುಟವನ್ನು ಚೌಕಟ್ಟಿಗೆ ಕೂರಿಸಿದಳು. ಈ ಫೈಲು ಕೆಲಸದ ಫೋಲ್ಡರಿನ ಹೊರಗಿದೆ, ಒಂದು ಪ್ರತಿ ಒಳಗೆ ಹಾಕಲೇ ಎಂದು ಪ್ರೋಗ್ರಾಮು ಕೇಳಿತು. ಕೇಳದೆಯೇ ಸಹಾಯಕ್ಕೆ ಬರುವವರನ್ನು ಅವಳು ನಂಬುತ್ತಿರಲಿಲ್ಲ, ಪ್ರೋಗ್ರಾಮನ್ನೂ. ಬೇಡ ಎಂದು ಒತ್ತಿದಳು. ಉಳಿದ ಫೈಲುಗಳೆಲ್ಲ ಊರಿಗೆಲ್ಲ ಪುಟ ತೋರಿಸುವ ದೂರದ ಯಂತ್ರಕ್ಕೆ, ಅಂದರೆ ಸರ್ವರಿಗೆ, ಹೋದವು. ತನ್ನ ಪರದೆಯಲ್ಲಿ ವಿಳಾಸ ಕೊಟ್ಟು ತೆರೆದು ನೋಡಿದಳು. ಮೂರೂ ಚೌಕಟ್ಟು ಭರ್ತಿ, ಒಂದು ಕೂದಲೆಳೆ ಆಚೀಚೆ ಇಲ್ಲ.

ಮಾರನೆಯ ಬೆಳಗ್ಗೆ ಕನ್ನಡಕದಂಗಡಿಯವನ ಫೋನು.

"ಬಲಗಡೆ ಏನೂ ಇಲ್ವಲ್ಲಮ್ಮ. ಬೆಳ್ಳಗೆ ಕಾಣ್ತಿದೆ."

"ನಿಮ್ಮ ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದೀನಿ. ನಂದೇ ಅಂಗಡಿ. ಎಡಗಡೆ ಗುಂಡಿ ಒತ್ತಿದ್ರೆ ಮಿಕ್ಕಿದ್ದೆಲ್ಲ ಬರತ್ತೆ. ಮೊದಲ ಪುಟ ಮಾತ್ರ ಇಲ್ಲ."

ಅವಳು ತನ್ನ ಯಂತ್ರದಲ್ಲಿ ಮತ್ತೆ ತೆರೆದಳು. ಇತ್ತು. ಹಲಗೆಯ ಆಚೆಯಿಂದ ಚಿಕ್ಕವಳು ಹೇಳಿದಳು: "ಅಕ್ಕಾ, ನನ್ನದ್ರಲ್ಲೂ ಬಿಳೀನೇ ಬರ್ತಿದೆ, ಬಂದು ನೋಡಿ."

ದೊಡ್ಡವಳು ಹೋಗಿ ನೋಡಿದಳು. ಹೌದು, ಬಿಳಿ. ಅವಳ ತಲೆಯಲ್ಲಿ ಹುಳ ಹೊಕ್ಕಿತು. ಚಿಕ್ಕವಳು ಮಾಡಿದ ಮೇಲಿನ ಪಟ್ಟಿ ಬರುತ್ತದೆ, ಚಿಕ್ಕವಳು ಮಾಡಿದ ಗುಂಡಿಗಳು ಬರುತ್ತವೆ, ತಾನು ಬರೆದ ಮೊದಲ ಪುಟ ಮಾತ್ರ ಮಾಯ. ಮಾಯವಾಗಿರುವುದು ಎರಡು ಯಂತ್ರಗಳಲ್ಲಿ. ಒಂದು ಚಿಕ್ಕವಳದು. ಇನ್ನೊಂದು ಕನ್ನಡಕದಂಗಡಿಯದು, ಅದನ್ನು ಜೋಡಿಸಿಕೊಟ್ಟವಳೂ ಚಿಕ್ಕವಳೇ. ಚಿಕ್ಕವಳ ಕೈ ತಾಗದ ಯಂತ್ರ ತನ್ನದೊಂದೇ, ಅದರಲ್ಲಿ ಪುಟ ಸರಿಯಾಗಿದೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

"ಬ್ರೌಸಿಂಗ್ ಸೆಂಟರಿಗೆ ಹೋಗಿ ಬೇರೆ ಕಂಪ್ಯೂಟರಲ್ಲಿ ನೋಡೋಣ ಬನ್ನಿ ಅಕ್ಕಾ," ಎಂದಳು ಚಿಕ್ಕವಳು.

"ನಾನು ಆ ಕಡೆ ಹೋಗ್ಲಿ, ಈ ಕಡೆ ನನ್ನ ಮೇಜು ಖಾಲಿ ಇರ್ಲಿ ಅಂತನಾ?"

"ನಿಮ್ಮ ಮೇಜು ಯಾರಿಗೆ ಬೇಕು ಅಕ್ಕಾ? ಅದ್ರ ಮೇಲೆ ಒಂದು ಪೆನ್ನೂ ಇಡಲ್ಲ ನೀವು."

ನಗುತ್ತಲೇ ಹೇಳಿದಳು. ದೊಡ್ಡವಳಿಗೆ ಆ ನಗುವೂ ಸಾಕ್ಷಿಯ ಪಟ್ಟಿಗೆ ಸೇರಿತು. ಅಂದು ಮಧ್ಯಾಹ್ನವೇ ಸರ್ವರಿನ ಪಾಸ್‌ವರ್ಡ್ ಬದಲಾಯಿಸಿದಳು, ಯಾರಿಗೂ ಹೇಳಲಿಲ್ಲ. ಹಂಚಿಕೆಯ ಫೋಲ್ಡರಿನ ಎಲ್ಲ ಫೈಲುಗಳನ್ನೂ ಮತ್ತೆ ಏರಿಸಿದಳು. ಸಂಜೆ ಅದೇ ಫೋನು, ಅದೇ ಮಾತು. ಇನ್ನೊಮ್ಮೆ ಬದಲಾಯಿಸಿದಳು. ಚಿಕ್ಕವಳಿಗೆ ಸರ್ವರಿನ ಒಳಗೆ ಹೋಗಲು ಆಗದೆ, ಬಾಗಿಲ ಚಿಲಕ ಅಲುಗಿಸಿ ನೋಡುವವರ ಹಾಗೆ ಹಲಗೆಯ ಆಚೆ ಮತ್ತೆ ಮತ್ತೆ ಕೀಲಿಗಳನ್ನು ಒತ್ತುವುದು ಕೇಳಿಸುತ್ತಿತ್ತು. ಆಮೇಲೆ ಆ ಸದ್ದು ನಿಂತಿತು. ಚಿಕ್ಕವಳು ಕೇಳಲಿಲ್ಲ, ದೊಡ್ಡವಳು ಹೇಳಲಿಲ್ಲ. ಕೇಳದೆ ಇದ್ದದ್ದು ಇನ್ನೂ ದೊಡ್ಡ ಅನುಮಾನಕ್ಕೆ ಕಾರಣವಾಯಿತು: ಪಾಸ್‌ವರ್ಡ್ ಗೊತ್ತಿಲ್ಲದವಳು ಕೇಳಬೇಕಿತ್ತಲ್ಲ?

ರಾತ್ರಿ ಊಟಕ್ಕೆ ಕೂತಾಗ ಅತ್ತೆ, ಗಂಡ, ಮೈದುನ ಎಲ್ಲರ ಎದುರಿಗೆ ಅವಳು ಶುರು ಮಾಡಿದಳು.

"ನನ್ನ ಪುಟಾನ ಯಾರೋ ಅಳಿಸ್ತಿದಾರೆ. ಹೊರಗಿನೋರಲ್ಲ."

ಚಿಕ್ಕವಳ ಕೈ ತಟ್ಟೆಯಲ್ಲೇ ನಿಂತಿತು. "ನಾನಾ?"

"ನಾನು ಯಾರ ಹೆಸರೂ ಹೇಳಿಲ್ಲ."

"ಹೊರಗಿನೋರಲ್ಲ ಅಂದ್ರೆ ಇನ್ಯಾರು? ಅತ್ತೆನಾ?"

"ನನ್ನನ್ನ ಎಳೀಬೇಡ ತಾಯಿ," ಎಂದರು ಅತ್ತೆ. "ನಂಗೆ ಟೀವಿ ಆಫ್ ಮಾಡೋಕೂ ಬರಲ್ಲ."

ಮೈದುನ ನಕ್ಕುಬಿಟ್ಟ; ಹೆಂಡತಿಯ ಮುಖ ನೋಡಿ ನಗುವನ್ನು ನುಂಗಿಕೊಂಡ. ಚಿಕ್ಕವಳು ಜಗಳವಾಡಲಿಲ್ಲ. ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಕಾಲು ಕೆರೆದು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದ ದೊಡ್ಡವಳಿಗೆ ಆ ಮೌನ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಅವಳು ಒಪ್ಪಿಗೆ ಎಂದೇ ತೆಗೆದುಕೊಳ್ಳುತ್ತಿದ್ದಳು.

ಮರುದಿನ ಚಿಕ್ಕವಳು ತಿಂಡಿಗೂ ಕೂರದೆ ಹೊರಗೆ ಹೋದಳು. ಹೆಚ್ಚು ಹೊತ್ತಾಗಿರಲಿಲ್ಲ, ಕನ್ನಡಕದಂಗಡಿಯವನು ಫೋನು ಮಾಡಿದ. "ನಿಮ್ಮ ಚಿಕ್ಕವರು ಇಲ್ಲಿ ಬಂದಿದಾರೆ. ಚೌಕಟ್ಟು ಗೀಕಟ್ಟು ಏನೂ ಬೇಡ, ಹೊಸ ಜಾಗದಲ್ಲಿ ಎಲ್ಲ ಹೊಸದಾಗಿ ನಾನೊಬ್ಬಳೇ ಮಾಡಿಕೊಡ್ತೀನಿ ಅಂತಿದಾರೆ. ನಾನು ನಾಡಿದ್ದು ಹೊಸ ಅಂಗಡಿ ತೆರೀಬೇಕು. ಸಂಜೆ ಒಳಗೆ ನಿಮ್ಮದು ಸರಿ ಹೋಗ್ಲಿಲ್ಲ ಅಂದ್ರೆ ಅವರಿಗೇ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ದೊಡ್ಡವಳಿಗೆ ಬೇಜಾರಾಗಲಿಲ್ಲ, ಒಂದು ಬಗೆಯ ಸಮಾಧಾನವೇ ಆಯಿತು. ತಾನು ಅಂದುಕೊಂಡದ್ದೇ ಸರಿ. ಇದಕ್ಕಾಗಿಯೇ ಇಷ್ಟೆಲ್ಲ ನಡೆದದ್ದು. ಹಾಗಾದರೆ ಅವಳು ತನ್ನ ಬರಹವನ್ನೂ ಎತ್ತಿಕೊಂಡು ಹೋಗುವವಳೇ. ಹಲಗೆಯ ಆಚೆ ಕುರ್ಚಿ ಖಾಲಿ ಇರುವಾಗಲೇ ಭದ್ರ ಮಾಡಬೇಕು ಎಂದು ತನ್ನ ಸ್ವಂತ ಫೋಲ್ಡರನ್ನು ಎತ್ತಿ ಯಂತ್ರದ ಇನ್ನೊಂದು ಮೂಲೆಗೆ ಸಾಗಿಸಿದಳು. 'ಹಳೆಯ ಕರೆಂಟ್ ಬಿಲ್' ಎಂದು ಹೆಸರು ಬದಲಾಯಿಸಿದಳು. ಆ ಹೆಸರಿನ ಫೋಲ್ಡರನ್ನು ಯಾರು ತೆರೆಯುತ್ತಾರೆ?

ಆಮೇಲೆ ಇನ್ನೊಮ್ಮೆ ವಿಳಾಸ ಕೊಟ್ಟು ಪುಟ ತೆರೆದಳು. ಮೇಲಿನ ಪಟ್ಟಿ ಬಂತು. ಎಡಗಡೆಯ ಗುಂಡಿಗಳು ಬಂದವು. ಬಲಗಡೆ ಬಿಳಿ.

ಚಿಕ್ಕವಳು ತನ್ನ ಯಂತ್ರಕ್ಕೂ ಕೈ ಹಾಕಿದಳು ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಎದ್ದು ಹಲಗೆಯ ಆಚೆ ನೋಡಿದಳು. ಕುರ್ಚಿ ಖಾಲಿ, ಯಂತ್ರ ಆರಿದೆ. ಪಾಸ್‌ವರ್ಡ್ ತನ್ನ ಹೊಟ್ಟೆಯೊಳಗೇ ಇದೆ. ಈ ಗಳಿಗೆಯಲ್ಲಿ ಈ ಕೋಣೆಯಲ್ಲಿ ಏನಾದರೂ ಮಾಡಿದವರು ಯಾರು? ತಾನೊಬ್ಬಳೇ. ಮಾಡಿದ್ದೇನು? ಒಂದು ಫೋಲ್ಡರನ್ನು ಬಚ್ಚಿಟ್ಟದ್ದು.

ಅವಳು ನಿಧಾನವಾಗಿ ಕೂತಳು. ನಾಲ್ಕನೆಯ ಫೈಲನ್ನು ತೆರೆದು, ಹಿಂದೆ ಕರಡು ಓದುತ್ತಿದ್ದ ಹಾಗೆ, ಪ್ರತಿ ಅಕ್ಷರವೂ ತಪ್ಪೇ ಎಂದುಕೊಂಡು ಓದಿದಳು. ಮೇಲಿನ ಚೌಕಟ್ಟಿಗೆ ಬರೀ ಫೈಲಿನ ಹೆಸರು. ಎಡಗಡೆಯದಕ್ಕೂ ಅಷ್ಟೇ. ಬಲಗಡೆಯ ಚೌಕಟ್ಟಿಗೆ ಮಾತ್ರ ಉದ್ದನೆಯ ಸಾಲು. ಅದರ ಮೊದಲಲ್ಲಿ ತನ್ನದೇ ಯಂತ್ರದ ಡಿಸ್ಕಿನ ಅಕ್ಷರ, ಆಮೇಲೆ ತನ್ನದೇ ಫೋಲ್ಡರಿನ ಹಳೆಯ ಹೆಸರು. ಆ ಪುಟ ಸರ್ವರಿಗೆ ಹೋಗಿಯೇ ಇರಲಿಲ್ಲ. ಯಾರು ಎಲ್ಲಿ ತೆರೆದರೂ ಆ ಸಾಲು ಅವರವರ ಯಂತ್ರದೊಳಗೆ ಇವಳ ಫೋಲ್ಡರನ್ನು ಹುಡುಕುತ್ತಿತ್ತು. ಅದು ಸಿಗುತ್ತಿದ್ದದ್ದು ಲೋಕದಲ್ಲಿ ಒಂದೇ ಕಡೆ, ಈ ಮೇಜಿನ ಮೇಲೆ. ಇಲ್ಲದ ಪುಟವನ್ನು ಅಳಿಸುವವರು ಯಾರು? ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಪ್ರೋಗ್ರಾಮು ಕೇಳಿದಾಗ ಹೂಂ ಅಂದಿದ್ದರೂ ಆಗುತ್ತಿರಲಿಲ್ಲ.

ಸರಿಮಾಡಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಾಕಿತ್ತು. ಮಾಡಿ ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಮ್ಮನಿದ್ದರೆ ಪುಟ ತಾನಾಗಿ ಬಂದದ್ದು ಹೇಗೆ ಎಂದು ಚಿಕ್ಕವಳು ಯೋಚಿಸುತ್ತಾಳೆ, ಯೋಚಿಸಿದರೆ ಕಂಡುಹಿಡಿಯುತ್ತಾಳೆ. ಬೇರೆಯವರು ಕಂಡುಹಿಡಿದು ಹೇಳುವುದಕ್ಕಿಂತ ತಾನೇ ಹೇಳುವುದು ಮೇಲು. ಇದು ಪಶ್ಚಾತ್ತಾಪವೆಂದು ಯಾರೂ ತಿಳಿಯಬಾರದು, ಲೆಕ್ಕಾಚಾರ. ತೋರಿಸಲು ಸಾಕ್ಷಿ ಇರಲೆಂದು ಫೈಲನ್ನು ಮುಟ್ಟದೆ ಹಾಗೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಬೀಗವನ್ನು ಎಳೆದು ನೋಡಿ ಹೊರಟಳು. ಆ ಅಂಗಡಿಗೆ ಅವಳು ಹಿಂದೆ ಹೋದವಳೇ ಅಲ್ಲ.

ಒಳಗೆ ಗೋಡೆ ತುಂಬ ಕನ್ನಡಿ, ಕನ್ನಡಿ ತುಂಬ ಕನ್ನಡಕ. ಮೂಲೆಯ ಕಂಪ್ಯೂಟರಿನ ಮುಂದೆ ಚಿಕ್ಕವಳು ಕೂತಿದ್ದಳು. ಎಷ್ಟೋ ಕನ್ನಡಿಗಳಲ್ಲಿ ಒಟ್ಟಿಗೇ ಕಾಣಿಸಿದ ದೊಡ್ಡವಳನ್ನು ನೋಡಿ ತಿರುಗಿದಳು, ಏಳಲಿಲ್ಲ.

"ಯಾರೂ ಅಳಿಸ್ತಿರ್ಲಿಲ್ಲ," ಎಂದಳು ದೊಡ್ಡವಳು. "ಪುಟ ನನ್ನ ಸ್ವಂತ ಫೋಲ್ಡರಲ್ಲಿ ಕೂತಿತ್ತು. ನಾನೇ ಹಾಗೆ ಇಟ್ಟಿದ್ದು. ತಪ್ಪು ನಂದು."

ಚಿಕ್ಕವಳು ಪೂರ್ತಿ ಕೇಳಿಸಿಕೊಂಡಳು. "ಸ್ವಂತ ಫೋಲ್ಡರಲ್ಲಿ ಯಾಕೆ?"

"ನೀನು ನೋಡ್ಬಾರ್ದು ಅಂತ."

"ಕಂಪ್ಯೂಟರ್ದು ತಪ್ಪು ಅಂದ್ಬಿಡ್ಬಹುದಿತ್ತಲ್ಲ ಅಕ್ಕಾ. ಎಲ್ಲರೂ ಹಾಗೇ ಹೇಳೋದು."

"ಕಂಪ್ಯೂಟರ್ ಕೇಳಿತ್ತು. ನಾನೇ ಬೇಡ ಅಂದೆ."

ಅಂಗಡಿಯವನು ಮೂಗಿನ ತುದಿಗೆ ಕನ್ನಡಕ ಇಳಿಸಿ ಇಬ್ಬರನ್ನೂ ನೋಡಿದ. "ನೀವಿಬ್ಬರೂ ಮೊದಲೇ ಮಾತಾಡ್ಕೊಂಡು ಬಂದಿದೀರೇನೋ ಅಂತ ನಂಗೆ ಅನುಮಾನ."

"ನಾವು ಮಾತಾಡ್ಕೊಂಡಿದ್ರೆ ಇಷ್ಟು ದೂರ ಬರ್ತಾನೇ ಇರ್ಲಿಲ್ಲ ಬಿಡಿ," ಎಂದಳು ಚಿಕ್ಕವಳು. ಈ ಸಲ ನಗಲಿಲ್ಲ. "ಇಬ್ಬರೂ ಸೇರಿಯೇ ಮಾಡ್ಬಹುದು. ಆದ್ರೆ ಇನ್ಮೇಲೆ ಪಾಸ್‌ವರ್ಡ್ ನನ್ನ ಹತ್ರ ಇರ್ಬೇಕು. ನಾಲ್ಕನೇ ಫೈಲೂ ನಂದೇ. ಆಗತ್ತೆ ಅಂದ್ರೆ ಹೇಳಿ, ಇಲ್ಲಾಂದ್ರೆ ನಾನು ಶುರು ಮಾಡಿದ್ದನ್ನ ಮುಗಿಸ್ತೀನಿ."

ದೊಡ್ಡವಳು ನಿಂತೇ ಇದ್ದಳು. ಮನೆ, ಮುಂದಿನ ಕೋಣೆ, ಶಾಲೆ, ಪೀಠೋಪಕರಣದವರು, ಎಲ್ಲ ಒಂದು ಪದದ ಆಚೆಗಿತ್ತು. ಅಂಗಡಿಯವನು ದೂರ ಹೋಗುವವರೆಗೆ ಕಾದು, ಬಗ್ಗಿ, ಓರಗಿತ್ತಿಯ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದಳು. ಚಿಕ್ಕವಳು ಅಲ್ಲಿಂದಲೇ ಸರ್ವರಿನ ಒಳಗೆ ಹೋಗಿ ನಾಲ್ಕನೆಯ ಫೈಲಿನ ಆ ಉದ್ದನೆಯ ಸಾಲನ್ನು ನೋಡಿ "ಹೂಂ" ಎಂದಳಷ್ಟೇ. ಮನೆಗೆ ಹೋಗಿ ಪುಟವನ್ನು ಹಂಚಿಕೆಯ ಫೋಲ್ಡರಿಗೆ ಹಾಕಿ, ಸಂಜೆಯೊಳಗೆ ಏರಿಸುವುದೆಂದು ಅಂಗಡಿಯವನಿಗೆ ಮಾತು ಕೊಟ್ಟರು.

ಏಳುವ ಮೊದಲು ಚಿಕ್ಕವಳು ಇನ್ನೊಂದು ಕೆಲಸ ಮಾಡಿದಳು. ಪಾಸ್‌ವರ್ಡ್ ಬದಲಾಯಿಸುವ ಜಾಗ ತೆರೆದು, ಎಡಗೈಯನ್ನು ಕೀಲಿಮಣೆಯ ಮೇಲೆ ಕೊಡೆಯಂತೆ ಅಡ್ಡ ಹಿಡಿದು, ಬಲಗೈಯಿಂದ ಏನೋ ಒತ್ತಿದಳು. ಒತ್ತುವಾಗ ಕನ್ನಡಿಯ ಕಡೆಗೊಮ್ಮೆ ನೋಡಿದಳು, ದೊಡ್ಡವಳು ಅದರಲ್ಲಿ ನೋಡುತ್ತಿದ್ದಾಳೋ ಎಂದು. ನೋಡುತ್ತಿದ್ದಳು.

ಮನೆಯ ತಿರುವು ಬಂದಾಗ ದೊಡ್ಡವಳು ಕೇಳಿದಳು, "ಹೊಸದು ಏನಿಟ್ಟೆ?"

"ಬೇಕಾದಾಗ ಹೇಳ್ತೀನಿ ಅಕ್ಕಾ."

ಹೇಳುವುದಿಲ್ಲ ಎಂದು ದೊಡ್ಡವಳಿಗೆ ಗೊತ್ತಾಯಿತು. ಆ ಜಾಗದಲ್ಲಿ ತಾನಿದ್ದರೂ ಹೇಳುತ್ತಿರಲಿಲ್ಲ. ಓರಗಿತ್ತಿಯ ಬಗ್ಗೆ ಮೊದಲ ಸಲ ಅವಳಿಗೆ ಒಂದು ವಿಷಯ ಅನುಮಾನವಿಲ್ಲದೆ ತಿಳಿದಿತ್ತು. ಅವಳು ಇನ್ನೊಂದು ಪ್ರಶ್ನೆ ಕೇಳದೆ ಸೊಂಟದಿಂದ ಬೀಗದ ಕೈ ತೆಗೆದಳು.