ಮುಯ್ಯಾಳಿಗೆ ಹೊರಟ ಲಿಗಾಯ

ನಮ್ಮೂರು ಹೊಳಲಿನ ಜನಕ್ಕೆ ಅದೇನು ರೋಗವೋ ಕಾಣೆ. ಎದುರುಮನೆ ಯತೀಶನ ಹೆಂಡತಿ ಲಿಗಾಯ ಊರಿಗೆ ಬಂದು ವರ್ಷಗಳಾಗಿದ್ದರೂ ಅವಳು ಬಟ್ಟೆ ಒಣಹಾಕಲು ಹೊರಗೆ ಬಂದರೆ ಸಾಕು, ಬೀದಿಯಲ್ಲಿ ಹೋಗುವ ಬೈಕುಗಳೆಲ್ಲ ನಿಧಾನವಾಗುತ್ತಿದ್ದವು. ಬಟ್ಟೆ ಒಣಹಾಕುವುದರಲ್ಲಿ ನೋಡುವಂಥದ್ದೇನಿದೆ? ಇವರ ಹೆಂಡತಿಯರು ಒದ್ದೆ ಬಟ್ಟೆಯನ್ನೇ ಉಟ್ಟುಕೊಂಡು ಓಡಾಡುತ್ತಾರಾ? ನಾನು ವೀಣ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಿಷನ್ನು ಕಿಟಕಿ ಪಕ್ಕ ಇರುವುದರಿಂದ ಇದನ್ನೆಲ್ಲ ದಿನಾ ನೋಡಿ ಉರಿದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ಯತೀಶ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ಅಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಫಿಲಿಪೀನ್ಸಿನಿಂದ ಬಂದಿದ್ದವಳು ಲಿಗಾಯ. ಇಬ್ಬರೂ ಮದುವೆಯಾಗಿ ಊರಿಗೆ ಬಂದರು. ಅವನು ಮಂಡ್ಯದಲ್ಲಿ ಫ್ರಿಜ್ಜು ರಿಪೇರಿ ಅಂಗಡಿ ಹಾಕಿದ. ಅವಳು ಅತ್ತೆ ದೇವಿರಮ್ಮನ ಬಾಯಿಂದಲೇ ಕನ್ನಡ ಕಲಿತಳು. ಕಣ್ಣು ಮುಚ್ಚಿಕೊಂಡು ಕೇಳಿದರೆ ದೇವಿರಮ್ಮನೇ ಬೈಯುತ್ತಿದ್ದಾಳೆ ಅನ್ನಬೇಕು, ಹಾಗೆ ಮಾತಾಡುತ್ತಾಳೆ.

ಕಣ್ಣು ಮುಚ್ಚುವವರು ಯಾರು ಹೇಳಿ! ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸರು ಅವಳ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ‘ನೇಪಾಳಾನಾ? ಮಣಿಪುರಾನಾ? ನಿಮ್ಮ್ ಕಡೆ ಆವು, ಕಪ್ಪೆ ತಿಂತಾರಂತೆ, ಔದಾ?’ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಬೇಡ ಬೇಡ ಅಂದರೂ ಎಲೆಗೆ ಇನ್ನೊಂದು ಒಬ್ಬಟ್ಟು. ಮರ್ಯಾದೆಯಂತೆ! ನನಗಂತೂ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವಳಿಗೆ ಇನ್ನೆಷ್ಟಾಗುತ್ತಿತ್ತೋ.

ಹೋದ ಮಳೆಗಾಲದಲ್ಲಿ ದೇವಿರಮ್ಮನ ಮಂಡಿ ಆಪರೇಷನ್ ಆಯಿತು. ಭತ್ತದ ನಾಟಿಯ ಹೊತ್ತು. ನಮ್ಮಲ್ಲಿ ಇನ್ನೂ ಮುಯ್ಯಾಳು ಇದೆ. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನಮ್ಮ ಗುಂಪಿನಲ್ಲಿ ದೇವಿರಮ್ಮನೂ ಒಬ್ಬಳು. ಅವಳು ಮಂಚ ಹಿಡಿದ ಮೇಲೆ ಆ ಮನೆಯ ಆಳು ತಪ್ಪಿತು. ಅತ್ತ ಸಸಿ ಬೆಳೆಸುವ ಒಟ್ಟಲಿನಲ್ಲಿ ಅವರ ಪೈರು ನಾಟಿಯಿಲ್ಲದೆ ಬಲಿಯುತ್ತಿತ್ತು. ನಾಲೆಗೆ ನೀರು ಬಿಡುವುದು ಸರದಿಯ ಮೇಲೆ. ಈ ಸರದಿ ಮುಗಿದರೆ ಆ ವರ್ಷ ನಾಟಿಯ ಆಸೆ ಬಿಡಬೇಕು.

‘ನಾಟಿ ಆಗ್ನಿಲ್ಲ ಅಂದ್ರೆ ಗದ್ದೆ ಯಾರ್ಗಾದ್ರೂ ವಾರಕ್ಕೆ ಕೊಟ್ಬುಡನ. ನಾವ್ ಮಸ್ಕತ್ತಿಗೇ ಓಗನ’ ಎಂದ ಯತೀಶ.

ಲಿಗಾಯ ನಮ್ಮ ಮನೆಗೆ ಬಂದು ನಿಂತೇ ಮಾತಾಡಿದಳು. ‘ಅಲ್ಲೂ ಪರದೇಸಿ, ಇಲ್ಲೂ ಪರದೇಸಿ. ಇನ್ನೆಷ್ಟ್ ಊರಲ್ಲಿ ಪರದೇಸಿ ಆಗ್ಲಿ ವೀಣಕ್ಕ? ನಾಳಿಂದ ಅತ್ತೆ ಬದ್ಲು ನಾನ್ ಬತ್ತೀನಿ.’

ಬಂದಳು. ಮೊದಲ ದಿನ ಚಲುವರಾಜುವಿನ ಹೆಂಡತಿ ಗಗನಳ ಗದ್ದೆ. ಗಗನ ಏನು ಮಾಡಿದಳು ಗೊತ್ತಾ? ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಬದುವಿನ ಮೇಲೆ ಹಾಕಿಸಿದಳು. ಎಳನೀರು ಕೆತ್ತಿಸಿ ಕೈಗೆ ಕೊಟ್ಟಳು. ‘ಕೆಸ್ರಿಗೆ ನೀವ್ಯಾಕೆ ಮೇಡಂ, ಕೂತ್ಕಳಿ.’ ಲಿಗಾಯ ಕುರ್ಚಿ ಸರಿಸಿ ಗದ್ದೆಗೆ ಇಳಿದರೆ ಎಲ್ಲರೂ ಸೊಂಟದಿಂದ ಫೋನು ತೆಗೆದರು. ಅವಳು ಒಂದು ಕಟ್ಟು ಪೈರು ನೆಡುವುದರೊಳಗೆ ಚಪ್ಪಾಳೆ ಬೇರೆ. ಸಂಜೆ ಮುಯ್ಯಿಯ ಲೆಕ್ಕಕ್ಕೆ ಯಾರ್ಯಾರು ಬಂದಿದ್ದರು ಅಂತ ಹೆಸರು ಹೇಳುವಾಗ ಅವಳ ಹೆಸರೇ ಬರಲಿಲ್ಲ.

‘ಲಿಗಾಯಂದು ಒಂದಾಳು ಎಲ್ಲೇ?’ ಎಂದೆ.

‘ಅಯ್ಯೋ, ಅವ್ರ್ನ ಆಳ್ಗೆ ಇಡ್ಯದಾ? ಪಾಪ!’ ಎಂದಳು ಗಗನ. ‘ಅವ್ರ ಗದ್ದೆಗೆ ಅಂಗೇ ಸಾಯ ಮಾಡಕ್ಕೆ ಬತ್ತೀವಿ ಬುಡು.’

‘ಸಾಯ ಬ್ಯಾಡ ನಂಗೆ’ ಎಂದಳು ಲಿಗಾಯ. ಮುಖ ಕೆಂಪಾಗಿತ್ತು. ‘ಮುಯ್ಯಿ ಬೇಕು.’

ಅಷ್ಟು ಹೇಳಿ ಕಾಲು ತೊಳೆಯದೇ ಮನೆಗೆ ಹೋದಳು. ಅಲ್ಲಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಲೆ ಏರಿಯ ಮೇಲೆ ಹೋಗಿ ನೀರು ನೋಡುವಳು, ವಾಪಸು ಬಂದು ಪೈರು ನೋಡುವಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ‘ಕೂತ್ಕಳೇ, ನೋಡೋಕೇ ಸುಸ್ತಾಯ್ತದೆ’ ಎಂದು ದೇವಿರಮ್ಮ ಮಂಚದಿಂದಲೇ ಕೂಗುವಳು. ಲಿಗಾಯಳ ಓಡಾಟ ನೋಡುತ್ತ ಕೂತ ನಾನು ಯಾರದೋ ಕುಪ್ಪಸಕ್ಕೆ ತೋಳು ತಿರುವುಮುರುವು ಹಚ್ಚಿಬಿಟ್ಟೆ.

ಮುಂದಿನ ಸರದಿ ಪಟ್ಟಲಮ್ಮನ ಗದ್ದೆ. ಪಟ್ಟಲಮ್ಮ ನಮ್ಮ ಗುಂಪಿಗೆ ಹಿರಿಯಳು. ಬಾಯಿ ಬಿಟ್ಟರೆ ಬೈಗುಳವೇ, ಸ್ವಂತ ಗಂಡನೇ ಅವಳೆದುರಿಗೆ ಕೆಮ್ಮಲು ಹೆದರುತ್ತಾನೆ. ನಾವೆಲ್ಲ ಹೋಗುವಷ್ಟರಲ್ಲಿ ಲಿಗಾಯ ಆಗಲೇ ಕೆಸರಿನಲ್ಲಿದ್ದಳು. ಸೀರೆಯ ಮೇಲೆ ಯತೀಶನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ನಮ್ಮ ಹಾಗೇ.

‘ಮ್ಯಾಕ್ ಬಾರವ್ವ’ ಎಂದಳು ಪಟ್ಟಲಮ್ಮ.

‘ಬರಕಿಲ್ಲ’ ಎಂದಳು ಲಿಗಾಯ.

ಪಟ್ಟಲಮ್ಮ ಸೆರಗು ಸಿಕ್ಕಿಸಿಕೊಂಡು ತಾನೂ ಇಳಿದಳು. ಲಿಗಾಯ ನೆಟ್ಟಿದ್ದನ್ನು ಬಗ್ಗಿ ನೋಡಿದಳು. ಲಿಗಾಯಳ ಊರಿನಲ್ಲೂ ಭತ್ತವೇ ಅಂತೆ, ಆದರೆ ಚಿಕ್ಕವಯಸ್ಸಿಗೇ ಊರು ಬಿಟ್ಟವಳು. ಪೈರನ್ನು ಒತ್ತೊತ್ತಾಗಿ ತುರುಕಿದ್ದಳು. ಪಟ್ಟಲಮ್ಮ ಒಂದು ಸಾಲನ್ನು ಪೂರ್ತಿ ಸರಸರನೆ ಕಿತ್ತು ಅವಳ ಮುಂದೆ ಎಸೆದಳು.

‘ಏನಮ್ಮಿ ಇದು? ಕೊತ್ತಂಬ್ರಿ ಮಡಿ ಮಾಡಿದ್ದೀಯಾ? ಕಣ್ಣ್ ಕಾಣಕಿಲ್ವಾ? ನಡು, ಇನ್ನೊಂದ್ ಸತಿ ನಡು!’

ನಮ್ಮೆಲ್ಲರ ಕೈ ನಿಂತಿತು. ‘ಅತ್ತೆ, ಫಾರಿನ್ನೋರ್ಗೆ ಅಂಗೆಲ್ಲ ಬೈಬಾರ್ದು’ ಎಂದು ಗಗನ ಪಿಸುಗುಟ್ಟಿದಳು.

‘ಫಾರಿನ್ನಾದ್ರೇನು? ನನ್ನ್ ಗದ್ದೆ ಕೆಡ್ತಾ ಐತಲ್ಲೇ!’

ಲಿಗಾಯ ತುಟಿ ಕಚ್ಚಿಕೊಂಡು ಮತ್ತೆ ನೆಟ್ಟಳು. ಮಧ್ಯಾಹ್ನದ ತನಕ ಇನ್ನೆರಡು ಸಲ ಬೈಸಿಕೊಂಡಳು. ಒಂದು ಸಲ ನನಗೂ ಬಿತ್ತು. ಸಂಜೆ ಪಟ್ಟಲಮ್ಮ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಹೆಸರು ಹೇಳಿದಳು: ‘ವೀಣಂದೊಂದು, ಗಗನಂದೊಂದು, ದೇವೀರಿ ಸೊಸೇದೊಂದು.’ ಬೈದಾಗ ಅಳದವಳು ಆಗ ಅತ್ತಳು ನೋಡಿ, ಕಾಲುವೆಯಲ್ಲಿ ಮುಖ ತೊಳೆಯುವ ನೆವದಲ್ಲಿ. ನಾನೂ ಹೋಗಿ ಪಕ್ಕದಲ್ಲಿ ಮುಖ ತೊಳೆದೆ, ಯಾಕೆ ಸುಳ್ಳು ಹೇಳಲಿ.

ಪಟ್ಟಲಮ್ಮ ಒಂದಾಳು ಅಂದ ಮೇಲೆ ಬೇರೆಯವರು ಇಲ್ಲ ಅನ್ನುವುದುಂಟೆ? ಲಿಗಾಯ ಎಲ್ಲರ ಗದ್ದೆಗೂ ಬಂದಳು. ನಾಲೆಯ ನೀರು ಇಳಿಯುತ್ತಿದೆ ಅನ್ನುವಾಗ ಕೊನೆಗೆ ಅವಳ ಗದ್ದೆಯ ಸರದಿ ಬಂತು. ಎಲ್ಲರೂ ಮುಯ್ಯಿ ತೀರಿಸಲು ಹೋದೆವು. ಸಹಾಯಕ್ಕಲ್ಲ.

ಅರ್ಧ ಗದ್ದೆ ಮುಗಿದಿತ್ತು. ಯತೀಶ ಊಟ ತರಲು ಮನೆಗೆ ಹೋಗಿದ್ದ. ಆಗ ಮಳವಳ್ಳಿ ಕಡೆಯಿಂದ ವಿಡಿಯೋ ಮಾಡುವವನೊಬ್ಬ ಬಂದು ಬದುವಿನ ಮೇಲೆ ನಿಂತ. ಗಗನಳ ಗದ್ದೆಯ ಫೋಟೋ ಅಷ್ಟು ದೂರ ಹೋಗಿತ್ತು. ಕೈಯಲ್ಲಿ ದೊಡ್ಡ ಕ್ಯಾಮೆರಾ.

‘ನಮಸ್ಕಾರ. ಇಲ್ಲಿ ನಾಟಿ ಮಾಡ್ತಿರೋ ಫಾರಿನ್ ಸೊಸೆ ಯಾರಮ್ಮ? ಸ್ವಲ್ಪ ತಲೆ ಎತ್ತಿ!’

ಗಗನ ಏನಾದರೂ ತೋರಿಸಿಬಿಟ್ಟರೆ? ಪಕ್ಕಕ್ಕೆ ನೋಡಿದೆ. ಗಗನ ನೀರಿಗೆ ಇನ್ನಷ್ಟು ಬಗ್ಗಿದಳು. ಸಾಲಾಗಿ ಬಗ್ಗಿದ ಬೆನ್ನುಗಳು, ಎಲ್ಲರಿಗೂ ಗಂಡಂದಿರ ಅಂಗಿ, ಎಲ್ಲರ ತಲೆಗೂ ಟವೆಲ್ಲು, ಮೊಣಕೈವರೆಗೆ ಒಂದೇ ಕೆಸರು. ಅವನು ಈ ತುದಿಯಿಂದ ಆ ತುದಿಗೆ ನಡೆದ. ಮತ್ತೆ ಈ ತುದಿಗೆ ಬಂದ.

‘ಯಾರು ಅಂತ ಹೇಳಿ, ನಿಮ್ಮನ್ನೂ ವಿಡಿಯೋದಲ್ಲಿ ಹಾಕ್ತೀನಿ.’

ಬೈಯಬೇಕಾದ ಪಟ್ಟಲಮ್ಮ ಕೂಡ ಬಗ್ಗಿ ನೆಡುತ್ತಲೇ ಇದ್ದಳು. ಆಗ ಸಾಲಿನ ನಡುವಿನಿಂದ ಥೇಟು ದೇವಿರಮ್ಮನ ದನಿ ಬಂತು.

‘ಆವಮ್ಮ ಇಲ್ಲಿಲ್ಲ ಕಣಪ್ಪ. ತುಳಿದೂ ತುಳಿದೂ ಬದ ಕುಸುದ್ರೆ ನಿಮ್ಮಪ್ಪ ಬಂದ್ ಕಟ್ಟಾನಾ? ಆಚೆ ನಡಿ!’

ಅವನು ಚಪ್ಪಲಿ ಕೈಗೆತ್ತಿಕೊಂಡು ಪಕ್ಕದ ಗದ್ದೆಯ ಕಡೆ ಹೊರಟ. ಲಿಗಾಯ ತಲೆ ಎತ್ತದೆ ಇನ್ನೊಂದು ಕಟ್ಟು ಪೈರಿಗೆ ಕೈ ಚಾಚಿದಳು.