ಅಕ್ಕ ಸುತ್ತಿದ ಸುರುಳಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮೊದಲು ರೇಡಿಯೋ ಮಾತಾಡಿಸಿದವನು ನಾನೇ ಎಂದು ಅಕ್ಕ ನಿಮಗೆಲ್ಲ ಹೇಳುತ್ತಾಳಲ್ಲ, ಮಕ್ಕಳೇ, ಸಾಕ್ಷಿ ಎಲ್ಲಿ ಎಂದು ನೀವು ಕೇಳಬೇಕಿತ್ತು. ಕೇಳಲಿಲ್ಲ. ನಾನೇ ಹೇಳುತ್ತೇನೆ.

ಕಡಗಂಚಿಯಲ್ಲಿ ಅಪ್ಪ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಅಂಗಡಿ ತುಂಬ ವಾರ್ನಿಶ್ ಘಾಟು. ಒಂದು ಬೇಸಿಗೆ ನನಗೂ ಅಕ್ಕನಿಗೂ ಉಳಿಕೆ ತಂತಿ, ಗುಜರಿಯಿಂದ ತಂದ ಒಂದೊಂದು ಡಯೋಡು ಕೊಟ್ಟ. ಕಿವಿಗಿಟ್ಟು ಕೇಳಲು ಹಳೆಯ ಟೆಲಿಫೋನಿನ ಬಿಲ್ಲೆ ಮಾತ್ರ ಇಬ್ಬರಿಗೂ ಒಂದೇ. ತಂತಿಯನ್ನು ಸುರುಳಿ ಸುತ್ತಿ ಡಯೋಡಿಗೆ ಕೂಡಿಸಿದರೆ ಆಯಿತು, ಸೆಲ್ಲೇ ಬೇಡದ ರೇಡಿಯೋ ಅದು.

“ನಾ ಬರೂದ್ರಾಗ ಯಾರ್ದು ಮಾತಾಡ್ತದೋ, ಅವ್ರು ನಾಳಿಂದ ನನ್ನ ಬಾಜೂಕ ಕುಂತು ಕೆಲಸಾ ಕಲೀಬೇಕು,” ಎಂದು ಹೇಳಿ ಅಪ್ಪ ಯಾರದೋ ಹೊಲಕ್ಕೆ ಮೋಟಾರು ಕೂಡಿಸಲು ಹೋದ.

ಮಧ್ಯಾಹ್ನಕ್ಕೆ ಅಕ್ಕ ಬಿಲ್ಲೆಯನ್ನು ಕಿವಿಗೊತ್ತಿ ಕುಣಿದಳು. “ಏ ತಮ್ಮಾ, ಗುಲಬರ್ಗಾದಾಗ ಯಾರೋ ಹಾಡಾಕತ್ತಾರ ಕೇಳಲೇ!” ನನ್ನದು ಮೂಕ. “ಮಾರಿ ಯಾಕ ಹಂಗ ಮಾಡೀದಿ? ಹೊಟ್ಟಿ ಉರ್ಯಾಕತ್ತದೇನು?”

ಉರಿಯುತ್ತಿತ್ತು. ಅವಳು ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳ ಡಯೋಡನ್ನು ನನ್ನದಕ್ಕೆ ಹಾಕಿ ನೋಡಿದೆ, ಮೂಕವೇ. ಅದನ್ನು ಮತ್ತೆ ಅಲ್ಲೇ ಇಟ್ಟು, ಒಳಗಿನ ರೊಟ್ಟಿಯ ಸಪ್ಪಳ ನಿಲ್ಲುವುದರೊಳಗೆ ತಂತಿಯ ಸುರುಳಿಗಳನ್ನು ಅದಲುಬದಲು ಮಾಡಿದೆ. ನನ್ನದು ಹಾಡಿತು!

ಅಪ್ಪ ಬಂದು ಕೇಳಿದ. “ಶಾಬಾಸ್ ಮಗನ!” ಅಕ್ಕನದಕ್ಕೆ ಕಿವಿಗೊಟ್ಟ. “ಇದ್ಯಾಕವಾ, ಮೂಕ ಆಗ್ಯದ?”

ಅಕ್ಕ ಸುರುಳಿಯನ್ನು ತಿರುಗಿಸಿ ಅದರ ಎರಡು ತುದಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. “ಗೊತ್ತಿಲ್ಲಪ್ಪಾ.”

ಸಂಜೆ ಹಿತ್ತಲಲ್ಲಿ ಅವಳು ಬ್ಲೇಡಿನಿಂದ ಆ ತುದಿಗಳನ್ನು ಹೆರೆಯುವುದನ್ನು ಕಂಡೆ. ಬಿಲ್ಲೆ ಕಿವಿಗಿಟ್ಟು ಒಬ್ಬಳೇ ನಕ್ಕಳು. ಮರುದಿನ ಬಾಜೂಕ ಕೂಡಿಸಿಕೊಂಡು ಅಪ್ಪ ಕಲಿಸಿದ ಮೊದಲ ಪಾಠವೇ ಅದು: ಹೊಸ ತಂತಿಯ ಮೇಲೆ ಕಾಣದಂಥ ಲೇಪವಿರುತ್ತದೆ, ತುದಿ ಹೆರೆಯದಿದ್ದರೆ ತಂತಿಗೆ ತಂತಿ ಮುಟ್ಟಿದರೂ ಮುಟ್ಟಿದಂತಲ್ಲ. ಅಂದರೆ ಹೆರೆಯದ ತುದಿ ಕಂಡಾಗಲೇ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ಅಪ್ಪನ ಪಕ್ಕದ ಜಾಗ ಮಾತ್ರ ಮುಂದೆ ಅವಳಿಗೆ ಸಿಗಲೇ ಇಲ್ಲ.

ನಿಮಗೀಗ ಮನೆ ಬಾಗಿಲಿಗೆ ಬರುವ ಅಗ್ಗದ ಸರ್ಕಿಟ್ ಬೋರ್ಡು, ತಲೆಗೊಂದು ಮೀಟರು. ತಂತಿ ಕೂಡಿದರೆ ಅದು ಕುಂಯ್ ಎನ್ನುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ತಪ್ಪು ಅಲ್ಲೇ ಸಿಕ್ಕಿಬಿಡುತ್ತದೆ. ಕದಿಯುವ ಅಗತ್ಯವೇ ಇಲ್ಲದ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಇನ್ನೂ ಅಕ್ಕನ ಮೇಲೆಯೇ. ಗೆದ್ದವನು ನಾನು, ಆದರೂ ಅವಳ ಎದುರು ಗೆದ್ದಂತೆ ಒಂದು ದಿನವೂ ಅನಿಸಿಲ್ಲ.

ಅಕ್ಕಾ, ಆವತ್ತು ಅಪ್ಪನ ಮುಂದೆ ಯಾಕ ಬಾಯಿ ಬಿಡಲಿಲ್ಲ ನೀ?