ಕಿಟಕಿ ಕಡೆಯ ಕುರ್ಚಿ

ಕಳೆದ ತಿಂಗಳು ಕುಂದಾಪುರದಲ್ಲಿ ಒಂದು ಮದುವೆ. ಹೊಸ ಹಾಲ್, ಏಸಿ, ಪಂಕ್ತಿಯ ಬದಲಿಗೆ ದುಂಡು ಮೇಜುಗಳು. ಪ್ರತಿ ತಟ್ಟೆಯ ಮೇಲೂ ಬಿಳಿ ಬಟ್ಟೆಯೊಂದನ್ನು ಬೀಸಣಿಗೆಯ ಹಾಗೆ ಮಡಚಿ ನಿಲ್ಲಿಸಿದ್ದರು. ಅದನ್ನು ಬಿಡಿಸಿ ತೊಡೆಯ ಮೇಲೆ ಹಾಸಿಕೊಳ್ಳುವಾಗ ಗಂಜಿ ಹಾಕಿ ಇಸ್ತ್ರಿ ಮಾಡಿದ ವಾಸನೆ ಮೂಗಿಗೆ ಬಂತು. ಅಷ್ಟೇ ಸಾಕಾಯಿತು... ಹಡಗಿನ ಊಟದ ಕೋಣೆ ನೆನಪಾಯಿತು, ಧಣಿ ನೆನಪಾದರು. ಅಷ್ಟು ತಣ್ಣಗಿನ ಹಾಲ್‌ನಲ್ಲೂ ನನ್ನ ಕಿವಿ ಬಿಸಿಯಾಯಿತು.

ಧಣಿ ಅಂದರೆ, ನನ್ನ ಅಪ್ಪಯ್ಯ ಆಯುಷ್ಯವೆಲ್ಲ ದೋಸೆ ಎರೆದ ಮುಂಬಯಿ ಹೋಟೆಲಿನ ಮಾಲೀಕರು. ಅವರ ಮನೆ ತ್ರಾಸಿ ಕಡೆ, ನಮ್ಮದು ತಲ್ಲೂರು. ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಜಗಲಿಯವರೆಗೆ ಬಂದು ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ದೊಡ್ಡ ದನಿ, ದೊಡ್ಡ ನಗು. ಅವರು ಬಂದದ್ದು ಅವರಿಗಿಂತ ಮೊದಲು ಅವರ "ಹ್ವಾಯ್" ಹೇಳುತ್ತಿತ್ತು.

ಹೋಟೆಲಿದ್ದ ಕಟ್ಟಡವನ್ನು ಕೆಡವುತ್ತಾರೆ ಎಂದಾದಾಗ ಧಣಿ ಹೋಟೆಲು ಮುಚ್ಚಿದರು. ಊರಿಗೆ ಬಂದವರು ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಹೇಳಿದರು: "ಜೀವ್ಮಾನ ಎಲ್ಲ ಅಡ್ಗಿ ಕೋಣಿಯಗೆ ನಿಂತ್ಕಂಡ್ ಉಂಡ್ರಿ ನೀವೆಲ್ಲ. ಒಂದ್ ಸಲ ಕೂತ್ಕಂಡ್ ಉಣ್ಕ್. ಬೇರೆಯರ್ ಬಡ್ಸ್ಕ್. ನಾನ್ ಕಾಣ್ಕ್."

ಹೋಟೆಲಿನಲ್ಲಿ ದುಡಿದವರು ಉಣ್ಣುವುದು ಗಿರಾಕಿಗಳೆಲ್ಲ ಹೋದ ಮೇಲೆ, ಒಲೆ ಪಕ್ಕ ನಿಂತುಕೊಂಡು. ಅವರೆಲ್ಲ ಕೂತು ಉಣ್ಣುವುದನ್ನು ಕಣ್ಣಾರೆ ನೋಡಬೇಕು ಎಂಬ ಆ ಒಂದು ಮಾತು ಧಣಿಯ ಮನಸ್ಸಿನಲ್ಲಿ ಎಷ್ಟು ವರ್ಷ ಕೂತಿತ್ತೋ. ಯಾರೋ ಹಡಗಿನ ವಿಷಯ ತಲೆಗೆ ಹಾಕಿದರು. ಮುಂಬಯಿಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಬರುವ ದೊಡ್ಡ ಪ್ರವಾಸಿ ಹಡಗು. ಹಳೆಯ ಕೆಲಸದವರೆಲ್ಲ ಬರಬೇಕು, ಜೊತೆಗೆ ಮನೆಯ ಒಬ್ಬರು. ಅಪ್ಪಯ್ಯನ ಕಣ್ಣು ಆಗಲೇ ಮಂಜಾಗಿತ್ತು, ಹಾಗಾಗಿ ನಾನು ಹೊರಟೆ.

ನಾನೋ, ಬ್ರಹ್ಮಾವರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಹೋಗುವ ಮೊದಲೇ ಮೊಬೈಲ್ ನೋಡಿ ಮುಳ್ಳುಚಮಚ ಹಿಡಿಯುವುದನ್ನು ಕಲಿತಿದ್ದೆ. ಹೊಸ ಸೀರೆ, ಅದಕ್ಕೊಪ್ಪುವ ಚಪ್ಪಲಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಐಶ್ವರ್ಯವಾದರೂ ನನ್ನದಲ್ಲ, ಧಣಿಯದು. ಕೊಡೆ ಮಾತ್ರ ನನ್ನದು.

ಆ ಹಡಗಿನಲ್ಲಿ ರಾತ್ರಿಯೂಟಕ್ಕೆ ಸಿಕ್ಕಲ್ಲಿ ಕೂರುವ ಹಾಗಿಲ್ಲ. ಯಾರಿಗೆ ಯಾವ ಮೇಜು, ಯಾವ ಕುರ್ಚಿ ಎಂದು ಮೊದಲೇ ಗೊತ್ತುಮಾಡುತ್ತಾರೆ. ಇಳಿಯುವ ತನಕ ಅದೇ ಮೇಜು, ಅದೇ ಕುರ್ಚಿ. ನಮ್ಮವರಿಗೆ ಮೂರು ಮೇಜು ಕೊಟ್ಟರು. ಇಂಗ್ಲಿಷ್ ಬರುವವಳು ಎಂದು ಕೂರಿಸುವ ಯಜಮಾನಿಕೆ ನನಗೆ ಬಂತು. ಧಣಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಆರಿಸಿದೆ. ದೊಡ್ಡ ಗಾಜಿನ ಕಿಟಕಿಯ ಪಕ್ಕ, ಸಮುದ್ರಕ್ಕೆ ಮುಖಮಾಡಿದ ಕುರ್ಚಿ. ಪಕ್ಕದಲ್ಲಿ ಅಪ್ಪಯ್ಯ. ಆ ಕುರ್ಚಿಯಲ್ಲಿ ಕೂತರೆ ಉಳಿದ ಎರಡು ಮೇಜು ಬೆನ್ನಿಗೆ ಬೀಳುತ್ತವೆ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ಸಂಜೆ ಧಣಿ ಆ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಸೂಪು ಬಂದಿತ್ತೋ ಇಲ್ಲವೋ, ಎದ್ದರು. ನಮ್ಮ ಕಡೆ ಊಟ ಹಾಕಿಸುವ ಯಜಮಾನ ಪಂಕ್ತಿಯಲ್ಲಿ ಕೂರುವುದಿಲ್ಲ. ಈ ತುದಿಯಿಂದ ಆ ತುದಿಗೆ ಓಡಾಡುತ್ತಾ, ಒಬ್ಬೊಬ್ಬರ ಮುಂದೆ ಬಗ್ಗಿ ಕೇಳುತ್ತಾ, ಕಡೆಯ ಪಂಕ್ತಿ ಏಳುವ ತನಕ ಹಸಿದುಕೊಂಡೇ ಇರುತ್ತಾನೆ. ಮೊದಲೇ ಕೂತು ಉಂಡ ಯಜಮಾನನ ಸುದ್ದಿಯನ್ನು ಊರು ತಿಂಗಳುಗಟ್ಟಲೆ ಆಡಿಕೊಳ್ಳುತ್ತದೆ. ಧಣಿಗೆ ಹಡಗಾದರೇನು, ಅಂಗಳವಾದರೇನು! ಮೂರು ಮೇಜಿಗೂ ಸುತ್ತಿದರು. "ಎಂತ ಬೇಕ್? ನಿಧಾನ ಉಣ್ಣಿ, ನಾಚ್ಕಂಬ್ದ್ ಬ್ಯಾಡ," ಎನ್ನುತ್ತಾ ಬಡಿಸುವ ಹುಡುಗನ ಕೈಯಿಂದ ಬ್ರೆಡ್ಡಿನ ಬುಟ್ಟಿ ತೆಗೆದುಕೊಂಡು ತಾವೇ ಹಂಚತೊಡಗಿದರು. ಮುಖ ಹಬ್ಬದ ಹಾಗಿತ್ತು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಮುದುಕರೊಬ್ಬರು ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬಿಡಲಿಲ್ಲ.

ಕೋಟು ತೊಟ್ಟ ಮೇಲ್ವಿಚಾರಕ ಬಂದು, ಬಿಸಿ ಬಿಸಿ ತಟ್ಟೆ ಹೊತ್ತು ಹುಡುಗರು ಓಡಾಡುತ್ತಾರೆ, ದಯವಿಟ್ಟು ಕುಳಿತುಕೊಳ್ಳಿ ಎಂದು ಹಿಂದಿಯಲ್ಲಿ ಕೇಳಿಕೊಂಡ. ಧಣಿ ಅವನ ಬೆನ್ನು ತಟ್ಟಿ "ಹೋ ಜಾಯೇಗಾ, ಹೋ ಜಾಯೇಗಾ" ಎಂದು ಮುಂದೆ ಹೋದರು. ಅವನು ನನ್ನತ್ತ ನೋಡಿದ. ಪಕ್ಕದ ಮೇಜಿನಲ್ಲಿದ್ದವರು ಮುಸಿಮುಸಿ ನಕ್ಕರು, ಅವರಲ್ಲೊಬ್ಬಳು ಮೊಬೈಲ್ ಎತ್ತಿ ಹಿಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಡಗಿನಲ್ಲಿ ಭೂಮಿಯಾದರೂ ಎಲ್ಲಿಂದ ಬರಬೇಕು?

ಎದ್ದು ಹೋಗಿ ಅವರ ಮೊಣಕೈ ಹಿಡಿದೆ.

"ಧಣಿ, ನೀವ್ ಕೂಕಣಿ. ಎಲ್ರೂ ಕಾಂತ್ರ್."

ಯಾರು ನೋಡುತ್ತಿದ್ದಾರೆ ಎಂದು ಅವರು ಸುತ್ತ ಕಣ್ಣಾಡಿಸಿದರು. ಆ ಮೊಬೈಲ್ ಆಗ ಕಂಡಿತೋ ಏನೋ. ಬುಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹೌದಾ? ನಂಗ್ ಗೊತ್ತಾಯ್ಲ ಮಗಾ," ಎಂದರು. ಕಿಟಕಿ ಕಡೆಯ ಕುರ್ಚಿಗೆ ಹೋಗಿ, ಶಾಲೆಯಲ್ಲಿ ಬೈಸಿಕೊಂಡ ಮಕ್ಕಳು ಕೂರುತ್ತಾರಲ್ಲ, ಹಾಗೆ ಕೂತರು. ಅಲ್ಲಿಯವರೆಗೆ ಪಕ್ಕದ ಕುರ್ಚಿ ಖಾಲಿ ಇದೆ ಎಂದು ಆರಾಮವಾಗಿ ಉಣ್ಣುತ್ತಿದ್ದ ಅಪ್ಪಯ್ಯ ತಟ್ಟೆಯಿಂದ ಕೈ ಎತ್ತಿಬಿಟ್ಟರು. ಆಮೇಲೆ ನಮ್ಮ ಕೋಣೆಯಲ್ಲಿ ಕೇಳಿದರೆ, "ಧಣಿ ಮೊದ್ಲ್ ಕೂತ್ರೆ ನಾವ್ ಹ್ಯಾಂಗ್ ಉಂಬುದ್?" ಎಂದರು. ಓಬೀರಾಯನ ಕಾಲದವರು ನೀವು ಎಂದು ನಾನು ರೇಗಿದೆ.

ಮರುದಿನ ಸಂಜೆ ಧಣಿ ಎಲ್ಲರಿಗಿಂತ ಮೊದಲೇ ಬಂದು ತಮ್ಮ ಜಾಗದಲ್ಲಿ ಕೂತಿದ್ದರು. ಮುಂದೆ ಬಂದದ್ದನ್ನು ಚೂರು ಚೂರು ತಿನ್ನುತ್ತಾ ಕಿಟಕಿಯನ್ನೇ ನೋಡುತ್ತಿದ್ದರು. ನನಗೆ ಒಳಗೊಳಗೆ ಸಮಾಧಾನ. ಅಂತೂ ಸಮುದ್ರ ನೋಡುವುದು ಕಲಿತರು ಅಂದುಕೊಂಡೆ. ಅಷ್ಟರಲ್ಲಿ ಅವರು ಬಡಿಸುವ ಹುಡುಗನನ್ನು ಕಣ್ಣಲ್ಲೇ ಹತ್ತಿರ ಕರೆದು, ಹಿಂದಿನ ಮೇಜಿನ ಆ ಮುದುಕರ ಚಪಾತಿ ಮುಗಿದಿದೆ, ಅವರು ತಾವಾಗಿ ಕೇಳುವವರಲ್ಲ, ಇನ್ನೊಂದು ಹಾಕು ಎಂದು ಪಿಸುಗುಟ್ಟಿದರು.

ತಿರುಗಿ ನೋಡದೆ ಇವರಿಗೆ ಹೇಗೆ ಗೊತ್ತಾಯಿತು? ನಾನು ಅವರ ಕಣ್ಣು ಹೋದ ಕಡೆ ನೋಡಿದೆ. ಹೊರಗೆ ಕತ್ತಲು, ಸಮುದ್ರ ಎಳ್ಳಷ್ಟೂ ಕಾಣುತ್ತಿರಲಿಲ್ಲ. ಕಪ್ಪು ಗಾಜಿನಲ್ಲಿ ನಮ್ಮ ಮೂರು ಮೇಜುಗಳೂ ಬೆಳಗುತ್ತಿದ್ದವು. ಯಾರ ತಟ್ಟೆ ಖಾಲಿ, ಯಾರು ಕೈ ಕಟ್ಟಿ ಕೂತಿದ್ದಾರೆ, ಎಲ್ಲವೂ. ನೋಡಬೇಕು ಎಂದು ಬಂದ ಮನುಷ್ಯ, ಯಾರಿಗೂ ನಾಚಿಕೆಯಾಗದ ಹಾಗೆ, ಕದ್ದು ನೋಡುತ್ತಿದ್ದರು... ಗಾಜಿನಲ್ಲಿ ನಮ್ಮಿಬ್ಬರ ಕಣ್ಣು ಕೂಡಿತು. ಅವರು ತಟ್ಟನೆ ತಲೆ ತಗ್ಗಿಸಿ ತಟ್ಟೆ ನೋಡಿದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ! ನನಗೆ ಅಳು ಬರಬೇಕಿತ್ತು. ಬರಲಿಲ್ಲ. ನಾಚಿಕೆಯಲ್ಲಿ ನಾನೂ ತಟ್ಟೆ ನೋಡಿದೆ.

ಏಳಿ ಧಣಿ, ಹೋಗಿ ಕೇಳಿ ಬನ್ನಿ ಎಂದು ಅಲ್ಲೇ ಹೇಳಬಹುದಿತ್ತು. ಪಕ್ಕದ ಮೇಜಿನವರು ಇನ್ನೂ ಇದ್ದರು. ಹೇಳಲಿಲ್ಲ.

ಮುಂಬಯಿಯಲ್ಲಿ ಇಳಿಯುವಾಗ ಅವರು ಅಪ್ಪಯ್ಯನ ಕೈ ಹಿಡಿದು, "ಎಲ್ರೂ ಸರಿ ಉಂಡ್ರಲೆ?" ಎಂದು ಕೇಳಿದರು. ಅಪ್ಪಯ್ಯ "ಉಂಡ್ರ್ ಧಣಿ, ಹೊಟ್ಟಿ ತುಂಬ," ಎಂದರು. ಆಮೇಲೆ ಧಣಿ ನಮ್ಮ ಜಗಲಿಗೆ ಬಂದಾಗಲೆಲ್ಲ ನಾನೇ ನೀರು ಕೊಟ್ಟೆ. ಪ್ರತಿ ಸಲವೂ ಹಡಗಿನಲ್ಲಿ ಹೇಳದೆ ಉಳಿದ ಆ ಮಾತು ತುಟಿಯವರೆಗೆ ಬರುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡರು.

ಕುಂದಾಪುರದ ಈ ಮದುವೆ ಅವರ ಮೊಮ್ಮಗನದು. ಅಪ್ಪಯ್ಯನಿಗೆ ಈಗ ಕಣ್ಣು ಪೂರ್ತಿ ಹೋಗಿದೆ, ಕೈ ಹಿಡಿದು ಕರೆತಂದು ಕೂರಿಸಿದ್ದೆ. ಬಡಿಸಿ ಹೋಗಿ ಎಷ್ಟು ಹೊತ್ತಾದರೂ ತಟ್ಟೆಯ ಅಂಚಿಗೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ಉಣ್ಣಿ ಅಪ್ಪಯ್ಯ."

"ಯಾರೂ ಕೇಂಬುಕ್ ಬರ್ಲಿಲ್ಯಲೆ," ಎಂದರು. ಕಿವಿ ಮಾತ್ರ ಬಾಗಿಲ ಕಡೆ ಇತ್ತು, "ಹ್ವಾಯ್" ಎಂದು ವಿಚಾರಿಸಲು ಬರುವ ದನಿಗೆ ಕಾಯುವವರ ಹಾಗೆ.

ಧಣಿಯ ಮಗ, ಸೊಸೆ ನಡುವಿನ ಅಲಂಕಾರದ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು. ಅವರನ್ನು ದೂರುವ ಮುಖ ನನಗೆಲ್ಲಿದೆ? ಕುರ್ಚಿ ಸರಿಸಿ ಎದ್ದೆ. ಅಪ್ಪಯ್ಯನ ಮುಂದೆ ಬಗ್ಗಿ, "ಎಂತ ಬೇಕ್ ಅಪ್ಪಯ್ಯ? ನಿಧಾನ ಉಣ್ಣಿ, ನಾಚ್ಕಂಬ್ದ್ ಬ್ಯಾಡ," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಆಚೆ ಮೇಜಿನವರು ತಿರುಗಿ ನೋಡಿದರು.

ಅಪ್ಪಯ್ಯ ಗಾಳಿಯಲ್ಲಿ ತಡಕಿ ನನ್ನ ಮೊಣಕೈ ಹಿಡಿದರು.

"ಕೂಕೊ ಮಗಾ. ಎಲ್ರೂ ಕಾಂತ್ರ್."

ಅಂದು ನಾನಾಡಿದ್ದನ್ನು ನೆನಪಿಟ್ಟುಕೊಂಡು ಹೇಳಿದರೋ, ಸುಮ್ಮನೆ ಬಾಯಿಗೆ ಬಂತೋ, ಕೇಳುವ ಧೈರ್ಯ ನನಗಿರಲಿಲ್ಲ. ಧಣಿ ಕೂತ ಹಾಗೆಯೇ ಕೂತೆ.